ಬಿ.ಎಚ್. ರಸ್ತೆ ಮುಗಿಯುವ ಊರು

(ಶಿವಮೊಗ್ಗದಲ್ಲಿ ಹೊನ್ನಾವರವನ್ನು ಕುರಿತು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹತ್ತಿದಾಗ "ಬಿ.ಎಚ್. ರಸ್ತೆ" ಎಂದಷ್ಟೇ ಹೇಳಿದೆ. ಚಾಲಕರು ತಲೆಯಾಡಿಸಿ ಗಾಡಿ ಬಿಟ್ಟರು. ತುಮಕೂರಿನಲ್ಲಿ ಹೇಳಿದ್ದರೂ ಹೀಗೇ ಆಗುತ್ತಿತ್ತು. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಸಾಗರ, ಎಲ್ಲ ಊರುಗಳ ನಡುವೆಯೂ ಒಂದು ಬಿ.ಎಚ್. ರಸ್ತೆ ಹಾದುಹೋಗುತ್ತದೆ. ಬಟ್ಟೆ ಅಂಗಡಿ, ಬ್ಯಾಂಕು, ಔಷಧದ ಅಂಗಡಿ, ಕಲ್ಯಾಣ ಮಂಟಪ ಎಲ್ಲದರ ವಿಳಾಸದಲ್ಲೂ ಆ ಎರಡು ಅಕ್ಷರ ಇರುತ್ತವೆ. 'ಬಿ' ಬೆಂಗಳೂರು ಎಂದು ಮಕ್ಕಳೂ ಹೇಳುತ್ತಾರೆ. 'ಎಚ್' ಯಾವುದು ಎಂದು ಕೇಳಿದರೆ ದೊಡ್ಡವರೂ ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಆ 'ಎಚ್' ನಮ್ಮೂರು. ಹೊನ್ನಾವರ.

ಅರ್ಧ ಕರ್ನಾಟಕದ ನಾಲಿಗೆಯ ಮೇಲೆ ದಿನವೂ ಇರುವ ಊರು ಅದು. ಆದರೆ ಅದರ ಹೆಸರು ಒಂದೇ ಅಕ್ಷರವಾಗಿ ಉಳಿದಿದೆ. ಇವತ್ತು ಆ ಅಕ್ಷರವನ್ನು ಬಿಡಿಸಿ ಹೇಳುವುದಕ್ಕೆ ಬಂದಿದ್ದೇನೆ.

ಶಿವಮೊಗ್ಗದಲ್ಲೇ ಈ ಮಾತನ್ನು ಆಡಬೇಕು ಎಂದು ನನಗೆ ಬಹಳ ದಿನಗಳಿಂದ ಆಸೆಯಿತ್ತು. ಶರಾವತಿ ಹುಟ್ಟುವುದು ನಿಮ್ಮ ಜಿಲ್ಲೆಯಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸಮುದ್ರ ಸೇರುವುದು ನಮ್ಮಲ್ಲಿ. ನಡುವೆ ಹರಿಯುವುದು ಸುಮಾರು 128 ಕಿಲೋಮೀಟರ್, ಅಷ್ಟೇ. ಇಷ್ಟು ಚಿಕ್ಕ ನದಿಯ ಎರಡು ತುದಿಯ ಜನ ಒಬ್ಬರನ್ನೊಬ್ಬರು ಇನ್ನೂ ಸರಿಯಾಗಿ ಮಾತನಾಡಿಸಿಲ್ಲ. ಮಾಲೆಮನೆ ಘಟ್ಟ ಇಳಿದು ಗೇರುಸೊಪ್ಪೆ ದಾಟಿ, ಬಲಗಡೆ ಗುಡ್ಡ ಎಡಗಡೆ ಹೊಳೆ ಇಟ್ಟುಕೊಂಡು ಬಂದರೆ ಊರು ಸಿಗುತ್ತದೆ. ಇಪ್ಪತ್ತು ಸಾವಿರದ ಆಸುಪಾಸು ಜನ, ಒಂದು ಪಟ್ಟಣ ಪಂಚಾಯಿತಿ, ಒಂದು ತಾಲ್ಲೂಕು ಕಚೇರಿ, ಕೋರ್ಟು, ಮೀನು ಪೇಟೆ, ಬಂದರು.

ನಮ್ಮ ಕಡೆ ನದಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಮೀನುಗಾರರು ಇನ್ನೊಂದು ಮಾತು ಸೇರಿಸಿ 'ಅಳಿವೆ ಬಾಗಿಲು' ಎನ್ನುತ್ತಾರೆ. ಅದು ನಿಜವಾಗಿಯೂ ಬಾಗಿಲೇ. ಮರಳು ಸರಿದಂತೆ ಅದು ಕಿರಿದಾಗುತ್ತದೆ, ಅಗಲವಾಗುತ್ತದೆ, ಅತ್ತಿತ್ತ ಜರುಗುತ್ತದೆ. ಮಳೆಗಾಲದಲ್ಲಿ ಆ ಬಾಗಿಲು ದಾಟುವಾಗ ದೋಣಿ ಮಗುಚಿ ಜೀವ ಕಳೆದುಕೊಂಡವರು ಪ್ರತಿ ಕೇರಿಯಲ್ಲೂ ಇದ್ದಾರೆ. ನನ್ನ ಊರು ರಾಜಧಾನಿ ಎಂದು ಹೆಸರಾಗಲಿಲ್ಲ, ಜಿಲ್ಲಾ ಕೇಂದ್ರವೂ ಆಗಲಿಲ್ಲ. ಏಳುನೂರು ವರ್ಷಗಳಿಂದ ಅದು ಬಾಗಿಲಾಗಿದೆ. ಅದರ ಚರಿತ್ರೆ, ಅದರ ಗುಣ ಎರಡೂ ಅಲ್ಲಿಂದಲೇ ಬಂದವು.

ಆ ಬಾಗಿಲಿನಿಂದ ಒಳಗೆ ಬಂದ ಒಬ್ಬ ಅತಿಥಿಯಿಂದ ಶುರು ಮಾಡುತ್ತೇನೆ. 1340ರ ದಶಕ. ವಿಜಯನಗರ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ. ಮೊರೊಕ್ಕೊ ದೇಶದ ಇಬ್ನ್ ಬತೂತ ದೆಹಲಿಯ ತುಘಲಕ್ ದೊರೆಯ ರಾಯಭಾರಿಯಾಗಿ ಚೀನಾಕ್ಕೆ ಹೊರಟು ದಾರಿಯಲ್ಲಿ ನಮ್ಮೂರಿಗೆ ಬಂದ. 'ಹಿನೌರ್' ಎಂದು ಬರೆದುಕೊಂಡ. ಆಗ ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನ ಆಳುತ್ತಿದ್ದ. ಆತ 'ಹರ್ಯಬ್' ಎಂಬ ಹಿಂದೂ ರಾಜನಿಗೆ ವಿಧೇಯನಾಗಿದ್ದನಂತೆ. ಈ ಹರ್ಯಬ್ ನಮ್ಮ ಹರಿಹರನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಊರಿನ ಜನಕ್ಕೆ ಸಮುದ್ರ ವ್ಯಾಪಾರವೇ ಜೀವನ. ಅವರ ನೌಕಾಬಲಕ್ಕೆ ಹೆದರಿ ಮಲಬಾರಿನವರು ವರ್ಷವರ್ಷವೂ ಕಪ್ಪ ಕೊಡುತ್ತಿದ್ದರು. ಗೋವೆಯ ಮೇಲೆ ದಂಡೆತ್ತಿ ಹೋಗುವಾಗ ಸುಲ್ತಾನ 52 ಹಡಗುಗಳನ್ನು ಸಜ್ಜು ಮಾಡಿದ್ದ, ಇಬ್ನ್ ಬತೂತ ತಾನೂ ಜೊತೆಗೆ ಹೋದ.

ಯುದ್ಧದ ಮಾತು ಅಷ್ಟಕ್ಕೆ ಸಾಕು. ನನ್ನನ್ನು ಬಹಳ ಕಾಲದಿಂದ ಹಿಡಿದು ನಿಲ್ಲಿಸಿರುವುದು ಆತ ಬರೆದಿಟ್ಟ ಊಟದ ವಿವರ. ತಾಮ್ರದ ಮಣೆಯಂಥ ಮೇಜು, ಅದರ ಮೇಲೆ ತಾಮ್ರದ ಹರಿವಾಣ. ಅದಕ್ಕೆ ಆತ ಬಳಸಿದ ಶಬ್ದ 'ತಾಲಂ'. ನಮ್ಮ ತಳಿಗೆಯ ನೆನಪಾಗದೆ ಇರುತ್ತದೆಯೇ? ರೇಷ್ಮೆ ಉಟ್ಟ ಹೆಣ್ಣುಮಗಳೊಬ್ಬಳು ದೊಡ್ಡ ಸೌಟಿನಲ್ಲಿ ಅನ್ನ ಬಡಿಸುತ್ತಾಳೆ. ಮೇಲೆ ತುಪ್ಪ ಹಾಕುತ್ತಾಳೆ. ಪಕ್ಕದಲ್ಲಿ ಗೊಂಚಲು ಗೊಂಚಲಾಗಿಯೇ ಉಪ್ಪಿಗೆ ಹಾಕಿದ ಕಾಳುಮೆಣಸು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಅದರ ಹಿಂದೆ ಒಂದಿಷ್ಟು ಉಪ್ಪಿನಕಾಯಿ. ಅದು ಮುಗಿದ ಮೇಲೆ ಮತ್ತೊಂದು ಸೌಟು ಅನ್ನ, ಜೊತೆಗೆ ಕೋಳಿ. ಆಮೇಲೆ ಮತ್ತೆ ಅನ್ನ, ಮೀನು. ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ. ಕಟ್ಟಕಡೆಗೆ ಹುಳಿ ಬಂದ ಹಾಲು, ಎಂದರೆ ಮೊಸರೋ ಮಜ್ಜಿಗೆಯೋ. ಅದು ಬಂತೆಂದರೆ ಇನ್ನು ಬಡಿಸುವುದಕ್ಕೆ ಏನೂ ಇಲ್ಲ ಎಂದು ತಿಳಿಯಬೇಕು, ಎಂದು ಆತ ಬರೆದಿದ್ದಾನೆ. ಊಟದ ಮೇಲೆ ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಮೈಗೆ ಆಗುವುದಿಲ್ಲವಂತೆ.

ಈ ಭಾಗವನ್ನು ಮೊದಲ ಸಲ ಓದಿದಾಗ ನನಗೆ ಕಂಡದ್ದು ಸುಲ್ತಾನನ ಅರಮನೆಯಲ್ಲ, ನಮ್ಮ ಮನೆಯ ಪಡಸಾಲೆ. ಮಜ್ಜಿಗೆ ಬಂದರೆ ಊಟ ಮುಗಿಯಿತು ಎಂದು ಎಲೆಯ ಮುಂದೆ ಕುಳಿತ ಯಾರಿಗೆ ಗೊತ್ತಿಲ್ಲ? ನನ್ನ ಅಜ್ಜಿ ಜೂನ್ ತಿಂಗಳು ಬಂತೆಂದರೆ ಹಂಡೆಯಿಂದ ಬಿಸಿನೀರು ತಂದು ಆರಿಸಿ ಲೋಟದಲ್ಲಿ ಇಡುತ್ತಿದ್ದರು. ಹಸಿ ಕಾಳುಮೆಣಸಿನ ಗೊಂಚಲನ್ನು ಲಿಂಬೆರಸ ಮತ್ತು ಉಪ್ಪಿನಲ್ಲಿ ಹಾಕಿಡುವ ಭರಣಿ ನಮ್ಮ ತಾಲ್ಲೂಕಿನ ಮನೆಗಳಲ್ಲಿ ಈಗಲೂ ಇದೆ. ಇಬ್ನ್ ಬತೂತ ಒಮ್ಮೆ ಇದೇ ಸುಲ್ತಾನನ ಬಳಿ ಹನ್ನೊಂದು ತಿಂಗಳು ಇದ್ದು, ಅಷ್ಟು ದಿನವೂ ರೊಟ್ಟಿಯ ಮುಖ ನೋಡಲಿಲ್ಲ ಎಂದು ಬರೆಯುತ್ತಾನೆ. ಇವರು ತಿನ್ನುವುದು ಅನ್ನ ಒಂದೇ ಎಂದು. ರಾಜವಂಶಗಳು ಬಂದು ಹೋದವು, ಕೋಟೆಗಳು ಎದ್ದು ಬಿದ್ದವು. ಬಡಿಸುವ ಕ್ರಮ ಮಾತ್ರ ಹಾಗೆಯೇ ಉಳಿಯಿತು. ಊರಿನ ಅತ್ಯಂತ ಹಳೆಯ ಸ್ಮಾರಕ ಯಾವುದು ಎಂದು ನನ್ನನ್ನು ಕೇಳಿದರೆ ಮಧ್ಯಾಹ್ನದ ಊಟವನ್ನು ತೋರಿಸುತ್ತೇನೆ.

ಅದೇ ಪ್ರವಾಸಿ ಇನ್ನೊಂದು ವಿಷಯವನ್ನು ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ನಾನು ಹೋಗಲಾರೆ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13 ಶಾಲೆಗಳು ಇದ್ದವು. ಹೆಂಗಸರೆಲ್ಲ ಕುರಾನನ್ನು ಬಾಯಿಪಾಠ ಹೇಳುತ್ತಿದ್ದರು. ಹೊಲಿಗೆಯಿಲ್ಲದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಹೆಗಲ ಮೇಲೆ ಹೊದೆಯುತ್ತಿದ್ದರು, ಮೂಗಿಗೆ ಚಿನ್ನದ ನತ್ತು ಹಾಕುತ್ತಿದ್ದರು. ಹೆಣ್ಣುಮಕ್ಕಳ ಹದಿಮೂರು ಶಾಲೆಗಳನ್ನು ಇನ್ನೆಲ್ಲೂ ಕಾಣಲಿಲ್ಲ ಎಂದು ಪ್ರಪಂಚ ಸುತ್ತಿದ ಆ ಮನುಷ್ಯ ಬರೆದಿದ್ದಾನೆ. ಕರಾವಳಿಯಲ್ಲಿ ಶಿಕ್ಷಣವೆಂದರೆ ಮಿಷನರಿಗಳಿಂದ ಬಂದದ್ದು ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಮಿಷನರಿಗಳ ಕೆಲಸ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರಿಗಿಂತ ಐದುನೂರು ವರ್ಷ ಮೊದಲು ಈ ಊರಿನ ಹುಡುಗಿಯರು ಸಾಲಾಗಿ ಕುಳಿತು ಪಾಠ ಹೇಳುತ್ತಿದ್ದರು ಎಂಬುದನ್ನು ಊರಿನ ಮಕ್ಕಳಿಗೆ ಮೊದಲು ಹೇಳಬೇಕು.

ಮುಂದಿನ ಮುನ್ನೂರು ವರ್ಷಗಳನ್ನು ಬೇಗ ದಾಟುತ್ತೇನೆ. ಪೋರ್ಚುಗೀಸರು ಬಂದರು. ನಮ್ಮೂರನ್ನು 'ಓನೋರ್' ಎಂದರು. 1505ರಲ್ಲಿ ಅವರ ವೈಸರಾಯ್ ಅಲ್ಮೇಡಾ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿ ಇಟ್ಟ. ಐದು ವರ್ಷಗಳ ಮೇಲೆ, 1510ರಲ್ಲಿ, ಅವರ ಇನ್ನೊಬ್ಬ ನಾಯಕ ಆಲ್ಬುಕರ್ಕ್ ಬೇರೆಲ್ಲಿಗೋ ಹೊರಟಿದ್ದವನು ಈ ಕರಾವಳಿಯ ಸಮುದ್ರಕಲಿ ತಿಮ್ಮಯ್ಯನ ಮಾತು ಕೇಳಿ ಗೋವೆಯ ಕಡೆ ಹಡಗು ತಿರುಗಿಸಿದ. ಪೋರ್ಚುಗೀಸರ ದಾಖಲೆಯಲ್ಲಿ ಈತ 'ತಿಮೋಜಾ'. ಗೋವೆ ನಾಲ್ಕೂವರೆ ಶತಮಾನ ಪೋರ್ಚುಗೀಸರ ಕೈಯಲ್ಲಿ ಉಳಿದುದರ ಹಿಂದೆ ಹೊನ್ನಾವರದ ಒಬ್ಬ ನಾವಿಕನ ಸಲಹೆ ಇತ್ತು. ಇದನ್ನು ಹೆಮ್ಮೆಯಿಂದ ಹೇಳಬೇಕೋ ನೋವಿನಿಂದ ಹೇಳಬೇಕೋ ನನಗೆ ಪ್ರತಿ ಸಲವೂ ಬೇರೆಬೇರೆ ತೋರುತ್ತದೆ. ಸುಮಾರು 1569ರ ಹೊತ್ತಿಗೆ ಪೋರ್ಚುಗೀಸರು ಇಲ್ಲಿ ಕೋಟೆ ಮಾಡಿಕೊಂಡರು.

ಹೊಳೆಯ ಮೇಲ್ಭಾಗದಲ್ಲಿ, ಗೇರುಸೊಪ್ಪೆಯಲ್ಲಿ, ಆಗ ಚೆನ್ನಭೈರಾದೇವಿ ಆಳುತ್ತಿದ್ದಳು. ನೀವೆಲ್ಲ ಕೇಳಿರುವ ಹೆಸರು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದೇ ಕರೆದರು. ಅವಳ ಕಥೆ ಹೇಳುವಾಗ ನಾವು ಮರೆಯುವುದು ಹೊಳೆಯನ್ನು. ಘಟ್ಟದ ಮೆಣಸು ಗೇರುಸೊಪ್ಪೆಗೆ ಇಳಿದು, ದೋಣಿ ಹತ್ತಿ, ಹೊನ್ನಾವರದ ಅಳಿವೆಯಲ್ಲಿ ಹಡಗು ಸೇರುತ್ತಿತ್ತು. ಮೆಣಸು ರಾಣಿಯ ಕೈಯಲ್ಲಿ, ಬಾಗಿಲು ಪೋರ್ಚುಗೀಸರ ಕೈಯಲ್ಲಿ. ಅವರ ನಡುವಿನ ಜಗಳ, ರಾಜಿ, ಮತ್ತೆ ಜಗಳ ಎಲ್ಲದರ ಮೂಲ ಇಷ್ಟೇ.

ಈಗ ಇನ್ನೊಬ್ಬ ಅತಿಥಿ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರಕ್ಕೆ ಬಂದ. ಗೋವೆಯ ಪೋರ್ಚುಗೀಸರು ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರ ಕಳಿಸಿದ್ದರು, ಆ ತಂಡದ ಜೊತೆಗೆ ಕುತೂಹಲದಿಂದ ಬಂದವನು ಈತ. ಎರಡು ಹೊಳೆಗಳು, ಒಂದು ಉತ್ತರದಿಂದ ಒಂದು ದಕ್ಷಿಣದಿಂದ ಬಂದು, ಕೋಟೆಯ ಬುಡದಲ್ಲಿ ಕೂಡಿ ಒಂದೇ ಬಾಯಿಂದ ಸಮುದ್ರ ಸೇರುತ್ತವೆ ಎಂದು ಬರೆದ. ಒಂದು ಶರಾವತಿ, ಇನ್ನೊಂದು ನಮ್ಮ ಬಡಗಣಿ ಹೊಳೆ. ಇವತ್ತು ನಿಂತು ನೋಡಿದರೂ ಆ ವಾಕ್ಯವನ್ನು ತಿದ್ದಬೇಕಾಗಿಲ್ಲ. ಊರಿನ ಮನೆಗಳು ತೆಂಗಿನ ನೆರಳಿನಲ್ಲಿರುವ ಗುಡಿಸಲುಗಳು ಎಂದ. ಆಮೇಲೆ ದೋಣಿ ಹತ್ತಿ ಗೇರುಸೊಪ್ಪೆಯ ಕಡೆ ಹೋಗುತ್ತಾ, ತಾನು ಕಂಡ ನದಿಗಳಲ್ಲೇ ಇದು ಅತ್ಯಂತ ಸುಂದರವಾದವುಗಳಲ್ಲಿ ಒಂದು ಎಂದು ಹೇಳಿದ. ಪರ್ಷಿಯ, ತುರ್ಕಿ, ಈಜಿಪ್ಟ್ ಎಲ್ಲ ನೋಡಿ ಬಂದ ಮನುಷ್ಯನ ಮಾತು ಇದು. ದಡ ಮುಟ್ಟಿದಾಗ ಮಾತ್ರ ಗೇರುಸೊಪ್ಪೆಯಲ್ಲಿ ಕೆಲವು ಗುಡಿಸಲುಗಳು, ಹುಲ್ಲು ಬೆಳೆದ ಅರಮನೆಯ ನೆಲ ಕಂಡವು. ರಾಣಿಯ ರಾಜ್ಯ ಕೆಳದಿಯವರ ಕೈಗೆ ಹೋಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಘಟ್ಟ ಹತ್ತುವ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಆತ ಕಂಡದ್ದನ್ನು ನಿಮಗೆ ಹೇಳಲೇಬೇಕು. ನಾಲ್ಕು ಹುಡುಗರು ಕುಳಿತಿದ್ದಾರೆ. ನೆಲದ ಮೇಲೆ ನುಣುಪಾದ ಮರಳು ಹರವಿದ್ದಾರೆ. ಒಬ್ಬ ಲೆಕ್ಕದ ಒಂದು ಸಾಲನ್ನು ರಾಗವಾಗಿ ಹಾಡುತ್ತಾ ಬೆರಳಿನಿಂದ ಮರಳ ಮೇಲೆ ಬರೆಯುತ್ತಾನೆ. ಉಳಿದವರು ಅದನ್ನೇ ಹಾಡಿ ಬರೆಯುತ್ತಾರೆ. ಜಾಗ ತುಂಬಿದರೆ ಮತ್ತಷ್ಟು ಮರಳು ಹರವುತ್ತಾರೆ. ಗುರುಗಳಿಲ್ಲ. ತಪ್ಪಿದರೆ ಯಾರು ತಿದ್ದುತ್ತಾರೆ ಎಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಒಬ್ಬರು ಮರೆತರೆ ಇನ್ನೊಬ್ಬರು ಹೇಳಿಕೊಡುತ್ತೇವೆ ಎಂದರಂತೆ. ದೆಲ್ಲಾ ವಾಲ್ಲೆ ಆ ಕ್ರಮವನ್ನು ಮನಸಾರೆ ಮೆಚ್ಚಿ ಬರೆದ. ನಾವೆಲ್ಲ ಮಗ್ಗಿ ಕಲಿತದ್ದು ಹೀಗೆಯೇ ಅಲ್ಲವೇ? ನನ್ನ ತಂದೆಯವರು ಮರಳಿನ ಮೇಲೆಯೇ ಅಕ್ಷರ ತಿದ್ದಿದವರು. ಹದಿಮೂರು ಹೆಣ್ಣುಮಕ್ಕಳ ಶಾಲೆಗಳನ್ನೂ ಈ ನಾಲ್ವರು ಹುಡುಗರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಈ ಹೊಳೆಯ ದಂಡೆಯ ಜನ ಏನು ಎಂಬುದು ಹೆಚ್ಚು ಗೊತ್ತಾಗುತ್ತದೆ, ಕೋಟೆಯ ಲೆಕ್ಕಕ್ಕಿಂತ.

ಕೋಟೆಯ ಲೆಕ್ಕ ಹೀಗಿದೆ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಓಡಿಸಿದ. ಅಳಿವೆಯ ಆಚೆ ಸಮುದ್ರದಲ್ಲಿರುವ ನಡುಗಡ್ಡೆಗೆ ಇವತ್ತಿಗೂ ಬಸವರಾಜದುರ್ಗ ಎಂಬ ಹೆಸರಿದೆ, ಅದು ಕೆಳದಿಯವರ ಕಾಲದ ಗುರುತು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಮೇಲೆ ಹೊನ್ನಾವರ ಅವನದಾಯಿತು. ಇಲ್ಲಿ ಯುದ್ಧದ ಹಡಗು ಕಟ್ಟುವ ಕಟ್ಟೆ ಮಾಡಿಸಿದ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕೋಟೆಗೆ ನುಗ್ಗಿ ಹಿಡಿದ. ಬೇಗನೆ ಟಿಪ್ಪುವಿನ ಸೈನ್ಯ ಬಂದು ಮುತ್ತಿತು. ಕ್ಯಾಪ್ಟನ್ ಟೋರಿಯಾನೊ ಎಂಬಾತ 1784ರ ಮಂಗಳೂರು ಒಪ್ಪಂದದವರೆಗೆ ಬಿಟ್ಟುಕೊಡದೆ ಹಿಡಿದುಕೊಂಡಿದ್ದ. ಇಂಗ್ಲಿಷ್ ಪುಸ್ತಕಗಳು ಅವನ ಶೌರ್ಯವನ್ನು ಹೊಗಳುತ್ತವೆ. ಆ ತಿಂಗಳುಗಳಲ್ಲಿ ಕೋಟೆಯೊಳಗೂ ಹೊರಗೂ ಹಸಿವು, ಕಾಯಿಲೆ. ಅದನ್ನು ಅನುಭವಿಸಿದ ಊರಿನವರ ಹೆಸರು ಒಂದೂ ಉಳಿದಿಲ್ಲ. 1801ರಲ್ಲಿ ಇಂಗ್ಲಿಷ್ ಕಂಪನಿಗಾಗಿ ನಾಡು ಸುತ್ತಿ ವರದಿ ಬರೆದ ಬುಕಾನನ್ ಬಂದಾಗ ಕಂಡದ್ದು ಹಾಳಾದ ಊರು.

ಆಮೇಲೆ ಬಾಗಿಲಿನ ಮುಂದೆಯೇ ಗಡಿ ಬಂತು. ಕೆನರಾ ಜಿಲ್ಲೆ ಎರಡು ಭಾಗವಾಗಿ 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿಗೆ ಹೋಯಿತು. ಜಿಲ್ಲಾ ಕೇಂದ್ರ ಕಾರವಾರ. ನೀವು ಮೈಸೂರು ಸಂಸ್ಥಾನ, ನಾವು ಬೊಂಬಾಯಿ ಪ್ರಾಂತ. ಜೋಗದಲ್ಲಿ ಹೊಳೆಯ ಒಂದು ದಂಡೆ ನಿಮ್ಮದು, ಇನ್ನೊಂದು ನಮ್ಮದು. ಜಲಪಾತಕ್ಕೆ ಇಂಗ್ಲಿಷರು ಗೇರುಸೊಪ್ಪೆ ಎಂಬ ಹೆಸರು ಕೊಟ್ಟದ್ದು ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಬೇಸರ ಇರಬಹುದು. ಕಾರಣ ಸರಳ. ಅವರಲ್ಲಿ ಬಹಳ ಮಂದಿ ಸಮುದ್ರದ ಕಡೆಯಿಂದ ಬಂದವರು. ಹೊನ್ನಾವರದಲ್ಲಿ ದೋಣಿ ಹತ್ತಿ, ಗೇರುಸೊಪ್ಪೆಯಲ್ಲಿ ಇಳಿದು, ಘಟ್ಟ ಏರಿ ಹೋಗುತ್ತಿದ್ದರು. ಕೊನೆಯ ಊರು ಯಾವುದೋ ಅದೇ ಹೆಸರಾಯಿತು. 1956ರಲ್ಲಿ ಏಕೀಕರಣವಾದಾಗ ಗಡಿ ಹೋಯಿತು. ಮಾತಿನಲ್ಲಿ ಅದರ ಗುರುತು ಉಳಿದಿದೆ. ನಮ್ಮ ಹಿರಿಯರು ತಹಶೀಲ್ದಾರರನ್ನು ಬಹುಕಾಲ ಮಾಮ್ಲೇದಾರರು ಎಂದೇ ಕರೆದರು.

ತಾಲ್ಲೂಕು ಕೇಂದ್ರ ಎಂದರೆ ಸಣ್ಣ ಮಾತು ಎಂದು ತಿಳಿಯಬೇಡಿ. ಬೆಳಿಗ್ಗೆ ಹತ್ತು ಗಂಟೆಗೆ ನಮ್ಮೂರ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿ. ಮಂಕಿಯಿಂದ, ಹಳದೀಪುರದಿಂದ, ಗೇರುಸೊಪ್ಪೆಯಿಂದ ಬಸ್ಸುಗಳು ಬರುತ್ತವೆ. ಇಳಿಯುವವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಪಹಣಿ, ಆಧಾರ್ ಪ್ರತಿ, ಮಡಿಸಿ ಮಡಿಸಿ ಹರಿದ ಹಳೆಯ ಕಾಗದ. ಕಚೇರಿಯ ಬಳಿ ಅರ್ಜಿ ಬರೆದುಕೊಡುವವರು ಕುಳಿತಿರುತ್ತಾರೆ. ಬಂದವರು ಮೊದಲು ಕಷ್ಟ ಹೇಳಿಕೊಳ್ಳುತ್ತಾರೆ, ಅವರು ಕೇಳುತ್ತಾರೆ, ಆಮೇಲೆ ಬರೆಯುತ್ತಾರೆ. ಅರ್ಧ ತಾಲ್ಲೂಕಿನ ಪಾಲು ಪಟ್ಟಿ, ವ್ಯಾಜ್ಯ, ವಿಧವಾ ವೇತನ ಅವರ ಬೆರಳ ತುದಿಯಿಂದ ಹಾದುಹೋಗಿದೆ. ಕೆಲಸ ಮುಗಿದವರು, ಹೆಚ್ಚಾಗಿ ಕೆಲಸ ಆಗದವರು, ಮೀನು ಪೇಟೆಗೆ ಬರುತ್ತಾರೆ. ಅಲ್ಲಿ ಖಾರ್ವಿ ಹೆಂಗಸರು ಕೊಂಕಣಿಯಲ್ಲಿ ತಮ್ಮತಮ್ಮೊಳಗೆ ಮಾತಾಡುತ್ತಾ ಗಿರಾಕಿಗೆ ಕನ್ನಡದಲ್ಲಿ ಬೆಲೆ ಹೇಳುತ್ತಾರೆ. ಬಂಗುಡೆ ಕೊಳ್ಳುವವರು ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಕ್ರೈಸ್ತರು, ನವಾಯತರು. ಪಕ್ಕದ ಅಂಗಡಿಯಲ್ಲಿ ಹವ್ಯಕ ಕನ್ನಡ ಅಡಿಕೆಯ ಧಾರಣೆ ಕೇಳುತ್ತಿರುತ್ತದೆ. ಇವರೆಲ್ಲ ಒಬ್ಬರಿಗೊಬ್ಬರು ಯಾವಾಗಲೂ ಪ್ರೀತಿಯಿಂದಲೇ ಇದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಊರು ಕೆಟ್ಟ ದಿನಗಳನ್ನೂ ಕಂಡಿದೆ. ಆದರೆ ಮರುದಿನ ಬೆಳಿಗ್ಗೆ ಮೀನು ಪೇಟೆ ತೆರೆಯಲೇಬೇಕು. ಬಾಗಿಲಿನ ಊರಿಗೆ ಇನ್ನೊಬ್ಬರು ಬರದಿದ್ದರೆ ಜೀವನವಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಹೊಳೆಯ ನಡುವಿನ ನಡುಗಡ್ಡೆಗೆ ನಮ್ಮ ಕಡೆ ಕುರ್ವೆ ಎನ್ನುತ್ತಾರೆ. ಮಾವಿನಕುರ್ವೆ ಹೀಗೆ ಬಂದ ಹೆಸರು. ಕುರ್ವೆಯವರಿಗೆ ದೋಣಿಯೆಂದರೆ ನಿಮಗೆ ಸೈಕಲ್ ಇದ್ದ ಹಾಗೆ. ಹೊಳೆಯ ಮೇಲೆ ಹೆದ್ದಾರಿಯ ಸೇತುವೆ ಬಂತು, ಆಮೇಲೆ ಕೊಂಕಣ ರೈಲ್ವೆಯ ಸೇತುವೆ ಬಂತು. ರೈಲಿನ ಸೇತುವೆಯ ಉದ್ದ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಆ ಮಾರ್ಗದಲ್ಲೇ ಅತ್ಯಂತ ಉದ್ದನೆಯದು. 1998ರ ಜನವರಿಯಲ್ಲಿ ಮುಂಬಯಿಯಿಂದ ಮಂಗಳೂರಿನವರೆಗೆ ರೈಲು ಓಡಿತು. ರೈಲಿನಲ್ಲಿ ಹೋಗುವವರು ಆ ಎರಡು ನಿಮಿಷ ಕಿಟಕಿಗೆ ಮುಖ ಒತ್ತಿ ಹೊಳೆ ನೋಡುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ದೆಲ್ಲಾ ವಾಲ್ಲೆಗೆ ಕಂಡ ಚೆಲುವು ಅವರಿಗೂ ಕಾಣುತ್ತದೆ ಎಂದುಕೊಂಡು ನನಗೆ ಸಂತೋಷವಾಗುತ್ತದೆ.

ಈಗ ನಾನು ನಿಮ್ಮ ಹತ್ತಿರ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ.

1948ರಲ್ಲಿ ಜೋಗದಲ್ಲಿ ವಿದ್ಯುತ್ ಕೇಂದ್ರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಶರಾವತಿ ವಿದ್ಯುದಾಗಾರ 1035 ಮೆಗಾವಾಟಿನದು. ಅಲ್ಲಿಂದ ಹೊರಬಿದ್ದ ನೀರನ್ನು ಮತ್ತೆ ಗೇರುಸೊಪ್ಪೆಯಲ್ಲಿ ಹಿಡಿದು 240 ಮೆಗಾವಾಟ್ ತೆಗೆಯುತ್ತಾರೆ. ನಾಡಿಗೆ ಬೆಳಕು ಕೊಟ್ಟ ನದಿ ಅದು, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ನಮಗೆ ಬರುವ ಹೊಳೆ ಈಗ ಮಳೆಯ ಮಾತು ಕೇಳುವುದಿಲ್ಲ, ವಿದ್ಯುತ್ತಿನ ಬೇಡಿಕೆಯ ಮಾತು ಕೇಳುತ್ತದೆ. ಯಂತ್ರ ತಿರುಗಿದರೆ ನೀರು ಏರುತ್ತದೆ, ನಿಂತರೆ ಇಳಿಯುತ್ತದೆ.

ಹಿಂದೆ ಅಳಿವೆಗೆ ಒಂದು ವರ್ಷದ ಲಯವಿತ್ತು. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಸಮುದ್ರವನ್ನು ಹೊರಗೆ ತಳ್ಳುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಪ್ಪುನೀರು ಮೇಲಕ್ಕೆ ಬಹುದೂರ ಹೋಗುತ್ತಿತ್ತು. ಮೀನು, ಸಿಗಡಿ, ಏಡಿ, ಚಿಪ್ಪಿನ ಜೀವಿಗಳು ಎಲ್ಲವೂ ಈ ಲಯಕ್ಕೆ ತಮ್ಮ ಬಸಿರು, ಬಾಳು ಹೊಂದಿಸಿಕೊಂಡಿದ್ದವು. ಈಗ ವರ್ಷವಿಡೀ ಸಿಹಿನೀರು. ಹೊಳೆದಂಡೆಯ ತೋಟದವರಿಗೆ ಇದರಿಂದ ಅನುಕೂಲವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಉಪ್ಪು ಕಡಿಮೆಯಾದ ನೀರಿನಲ್ಲಿ ಚಿಪ್ಪಿಕಲ್ಲು ಬದುಕಲಿಲ್ಲ. ಪಕ್ಕದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಇದೆ, ಅಣೆಕಟ್ಟಿಲ್ಲದ ನದಿ. ಅಲ್ಲಿ ಇವತ್ತಿಗೂ ಇಳಿತದ ಹೊತ್ತಿನಲ್ಲಿ ನೂರಾರು ಜನ ಮೊಣಕಾಲು ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕುತ್ತಾರೆ. ಎರಡು ಅಳಿವೆಗಳನ್ನು ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿದ ವಿಜ್ಞಾನಿಗಳು ಮೀನಿನ ಬಗೆಗಳಲ್ಲೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನಲ್ಲೂ ಚಿಪ್ಪಿನ ಜೀವಿಗಳಲ್ಲೂ ಅಘನಾಶಿನಿಯೇ ಸಮೃದ್ಧ ಎಂದು ತೋರಿಸಿದ್ದಾರೆ. ನನಗೆ ಅದನ್ನು ತಿಳಿಯಲು ಪುಸ್ತಕ ಬೇಕಾಗಲಿಲ್ಲ. ನನ್ನ ಚಿಕ್ಕಂದಿನಲ್ಲಿ ನೆರೆಮನೆಯ ಅಕ್ಕ ಒಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಹಿಡಿದು ಹೊಳೆಗೆ ಹೋಗುತ್ತಿದ್ದರು. ಮರಳುವಾಗ ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಚಿಪ್ಪುಗಳು ಒಂದಕ್ಕೊಂದು ತಾಗಿ ಸಣ್ಣ ಸದ್ದು ಮಾಡುತ್ತಿದ್ದವು. ಬರಬರುತ್ತಾ ಬುಟ್ಟಿ ಹಗುರವಾಯಿತು. ಆಮೇಲೆ ಅವರು ಹೋಗುವುದನ್ನೇ ನಿಲ್ಲಿಸಿದರು. ಈಗ ನಮ್ಮ ಪೇಟೆಯಲ್ಲಿ ಬೆಳಚು ಬೇಕೆಂದರೆ ಅಘನಾಶಿನಿಯದನ್ನು ಕೊಳ್ಳಬೇಕು.

ಇನ್ನೊಂದು ಸಂಖ್ಯೆ ನಮ್ಮೂರಿನ ಎಲ್ಲರಿಗೂ ಬಾಯಿಪಾಠ: 1819. ಅದು ಇಸವಿಯಲ್ಲ, ಲಿಂಗನಮಕ್ಕಿಯ ಗರಿಷ್ಠ ಮಟ್ಟ, ಅಡಿಗಳಲ್ಲಿ. ಆಗಸ್ಟ್ ತಿಂಗಳಿನಲ್ಲಿ ಪತ್ರಿಕೆ ಬಂದ ಕೂಡಲೇ ಮೂಲೆಯ ಆ ಅಂಕಿ ನೋಡುತ್ತೇವೆ. 1810 ದಾಟಿತೆಂದರೆ ಹೊಳೆದಂಡೆಯವರು ಭತ್ತದ ಚೀಲಗಳನ್ನು ಅಟ್ಟಕ್ಕೆ ಏರಿಸುತ್ತಾರೆ. ನೀವೂ ಅದೇ ಅಂಕಿಯನ್ನು ನೋಡುತ್ತೀರಿ, ಜೋಗಕ್ಕೆ ನೀರು ಬಿಡುತ್ತಾರೆಂಬ ಆಸೆಯಿಂದ. ಒಂದೇ ಅಂಕಿ, ನಿಮಗೆ ಹಬ್ಬ, ನಮಗೆ ನಿದ್ದೆಗೇಡು.

ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ, 2019ರ ಜುಲೈನಲ್ಲಿ, ನೀವು ಶಿವಮೊಗ್ಗ ಬಂದ್ ಮಾಡಿದಿರಿ. ಅಂದು ಹೊನ್ನಾವರದಲ್ಲಿ ಕುಳಿತು ನಾವು ನಿಮ್ಮ ಬಗ್ಗೆ ಹೆಮ್ಮೆಪಟ್ಟೆವು. ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಇದೆ. ರಾತ್ರಿ ನೀರನ್ನು ಮೇಲೆತ್ತುವುದು, ಬೇಡಿಕೆ ಬಂದಾಗ ಇಳಿಸುವುದು. ಘಟ್ಟದ ಕಾಡಿನ ಚರ್ಚೆ ಆಗುತ್ತಿದೆ, ಆಗಲೇಬೇಕು. ಆದರೆ ಆ ಚರ್ಚೆ ಗೇರುಸೊಪ್ಪೆಯಲ್ಲೇ ನಿಂತುಬಿಡುತ್ತದೆ, ಅಲ್ಲಿಂದ ಕೆಳಗೆ ಹೊಳೆ ಇಲ್ಲವೇನೋ ಎಂಬಂತೆ. ಅಳಿವೆಯ ಬಾಯಲ್ಲಿ ಇನ್ನೊಂದು ಒತ್ತಡ. ನಮ್ಮ ತಾಲ್ಲೂಕಿನ ಕಾಸರಕೋಡಿನ ಟೊಂಕ ಎಂಬಲ್ಲಿ ಖಾಸಗಿ ವಾಣಿಜ್ಯ ಬಂದರು ಕಟ್ಟುವ ಯೋಜನೆಗೆ ಮೀನುಗಾರರು ವರ್ಷಗಳಿಂದ ಅಡ್ಡ ನಿಂತಿದ್ದಾರೆ. ಆ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ. ಅದೇ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 2020ರಲ್ಲಿ ಕಾಸರಕೋಡಿನ ಕಡಲತೀರಕ್ಕೆ, ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಸಿಕ್ಕಿದ್ದು ಯಾವ ತೀರಕ್ಕೋ ಅದರ ಪಕ್ಕದಲ್ಲೇ ಮೀನುಗಾರರು ತಮ್ಮ ಮನೆಗಳಿಗಾಗಿ ಪೊಲೀಸರ ಮುಂದೆ ನಿಲ್ಲಬೇಕಾಗಿದೆ.

ಬಂದರು ಬೇಡ ಎನ್ನುವ ಊರು ನಮ್ಮದಲ್ಲ. ಏಳುನೂರು ವರ್ಷ ಬಂದರಾಗಿಯೇ ಬದುಕಿದ್ದೇವೆ. ಬಾಗಿಲನ್ನು ಎಷ್ಟು ತೆರೆಯಬೇಕು, ಯಾರಿಗೆ ತೆರೆಯಬೇಕು ಎಂದು ಮನೆಯವರನ್ನು ಕೇಳಿ ಎಂದಷ್ಟೇ ನಮ್ಮ ಬೇಡಿಕೆ. ಮೇಲಿನಿಂದ ನೀರು ಬಿಡುವಾಗಲೂ ಅಷ್ಟೇ, ಕೆಳಗಿನವರು ಇದ್ದಾರೆ ಎಂದು ಲೆಕ್ಕದಲ್ಲಿ ಒಂದು ಸಾಲು ಇರಲಿ.

ಮಾತು ಇಲ್ಲಿಗೆ ಮುಗಿದಿತ್ತು. ಬರಹಕ್ಕೆ ಇಳಿಸುವಾಗ, ಆಮೇಲೆ ನಡೆದದ್ದನ್ನೂ ಸೇರಿಸಬೇಕು ಎನಿಸಿತು.

ಜನ ಎದ್ದು ಹೋಗುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೋಲು ಊರಿಕೊಂಡು ವೇದಿಕೆಯ ಬಳಿ ಬಂದರು. ಮಡೆನೂರಿನ ಕಡೆಯವರು. ಹುಡುಗನಾಗಿದ್ದಾಗ ಮನೆ, ಗದ್ದೆ, ಕೊಟ್ಟಿಗೆ ಎಲ್ಲ ಬಿಟ್ಟು ಲಾರಿ ಹತ್ತಿದ್ದರಂತೆ. ಅವರ ಊರು ಲಿಂಗನಮಕ್ಕಿಯ ಅಡಿಯಲ್ಲಿದೆ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಆಗ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಇಲ್ಲೆಲ್ಲೋ ನಮ್ಮ ಮನೆ ಎಂದು ತೋರಿಸುತ್ತಾರಂತೆ.

"ನಮ್ಮ ಮನೆ ಮೇಲೆ ನಿಂತ ನೀರೇ ನಿಮ್ಮೂರಿಗೆ ಬರುವುದಲ್ಲವಾ ಸ್ವಾಮಿ?" ಎಂದು ಕೇಳಿದರು.

"ಹೌದು, ಅದೇ ನೀರು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೊನ್ನಾವರ ನೋಡಿಲ್ಲ" ಎಂದರು. ಬೆಳಿಗ್ಗೆಯ ಬಸ್ಸಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೇ ಬರಬಹುದು, ಗೇರುಸೊಪ್ಪ ಸರ್ಕಲ್‌ನಲ್ಲಿ ಇಳಿಯಿರಿ, ನಾನೇ ಬಂದು ನಿಂತಿರುತ್ತೇನೆ ಎಂದೆ. ಬರುವ ಮಾಘ ಮಾಸದಲ್ಲಿ ಬರುತ್ತೇನೆ ಎಂದಿದ್ದಾರೆ. ಊಟವಾದ ಮೇಲೆ, ಇಳಿತದ ಹೊತ್ತು ನೋಡಿಕೊಂಡು, ಅಳಿವೆಗೆ ಕರೆದುಕೊಂಡು ಹೋಗಬೇಕು.